ಚಂಡಮಾರುತ: ನಿಮ್ಮವರ ಊರು ಯಾವ ಪಾರ್ಶ್ವದಲ್ಲಿದೆ ನೋಡಿ
ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗ, ಬೆಂಗಳೂರಿನಲ್ಲಿದ್ದುಕೊಂಡು ಪೂರ್ವ ಕರಾವಳಿಯ ಬಂಧುಗಳಿಗಾಗಿ ಆತಂಕಪಡುವವರು ಹವಾಮಾನ ಇಲಾಖೆಯ ಪಥನಕ್ಷೆಯಲ್ಲಿ ಅದು ನೆಲ ಮುಟ್ಟುವ ಬಿಂದುವನ್ನು ಗುರುತಿಸಿ, ತಮ್ಮವರ ಊರು ಅದರ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಎಂಬುದನ್ನು ಮೊದಲು ನೋಡಬೇಕು. ಉತ್ತರಕ್ಕೆ ಸಮೀಪದಲ್ಲಿದ್ದರೆ ಕಡಲು ಉಕ್ಕಿ ಒಳನುಗ್ಗುವ ಅಪಾಯ ಹೆಚ್ಚು. ನಮ್ಮ ಗೋಳಾರ್ಧದಲ್ಲಿ ಚಂಡಮಾರುತದ ಗಾಳಿ ಅಪ್ರದಕ್ಷಿಣವಾಗಿ ಸುತ್ತುವುದರಿಂದ, ಪಶ್ಚಿಮಾಭಿಮುಖವಾಗಿ ಬರುವ ಮಾರುತದ ಉತ್ತರ ಪಾರ್ಶ್ವದಲ್ಲಿ ಅದು ನೀರನ್ನು ದಡಕ್ಕೆ ದೂಡುತ್ತದೆ, ದಕ್ಷಿಣದಲ್ಲಿ ದಡದಿಂದಾಚೆಗೆ ಒಯ್ಯುತ್ತದೆ. ಅದೇ ಹೊತ್ತಿಗೆ ದಿನನಿತ್ಯದ ಭರತವೂ (ಕಡಲಿನ ಉಬ್ಬರ) ಕೂಡಿಬಂದರೆ ನೀರು ಇನ್ನಷ್ಟು ಏರುವ ಕಾರಣ, ಆ ಊರಿನ ಭರತದ ವೇಳೆಯನ್ನೂ ತಿಳಿದಿರುವುದು ಒಳ್ಳೆಯದು. ಆದರೆ ದಯವಿಟ್ಟು ಈ ಲೆಕ್ಕವನ್ನು ಮಳೆಗೆ ಅನ್ವಯಿಸಬೇಡಿ: 2023ರ ಡಿಸೆಂಬರ್ 5ರಂದು ಮಿಚಾಂಗ್ ಆಂಧ್ರದ ಬಾಪಟ್ಲ ಬಳಿ ನೆಲ ಮುಟ್ಟುವ ಮುನ್ನವೇ, ಬಹುದೂರ ದಕ್ಷಿಣದ ಚೆನ್ನೈ ಜಲಾವೃತವಾಗಿತ್ತು. 2021ರಲ್ಲಿ ಅರಬ್ಬಿ ಸಮುದ್ರದಲ್ಲೆದ್ದ ತೌಕ್ತೆಯಂತೆ ದಡಕ್ಕೆ ಬಹುಮಟ್ಟಿಗೆ ಸಮಾನಾಂತರವಾಗಿ ಸಾಗುವ ಮಾರುತಗಳಿಗೂ ಇದು ಸಲ್ಲದು. ಅದು ನೆಲ ಮುಟ್ಟಿದ್ದು ಗುಜರಾತಿನಲ್ಲಾದರೂ ಅಲೆಗಳ ಹೊಡೆತ ನಮ್ಮ ಕರಾವಳಿಗೂ ಬಿದ್ದಿತ್ತು. ಎರಡು ಮೂರು ದಿನ ಮೊದಲಿನ ನಕ್ಷೆಯಲ್ಲಿ ಆ ಬಿಂದು ಇನ್ನೂ ಸರಿದಾಡುವ ಸಾಧ್ಯತೆಯಿರುವುದರಿಂದ, ಅನಿಶ್ಚಿತತೆಯ ಶಂಕುವಿನೊಳಗಿನ (ಮಾರುತ ಸಾಗಬಹುದಾದ ವ್ಯಾಪ್ತಿಯೆಂದು ನಕ್ಷೆ ತೋರಿಸುವ, ಮುಂದೆ ಹೋದಂತೆ ಅಗಲವಾಗುವ ಪ್ರದೇಶದೊಳಗಿನ) ಊರುಗಳೆಲ್ಲವೂ ಅಪಾಯದಲ್ಲಿವೆಯೆಂದೇ ಭಾವಿಸಬೇಕು.