ಕಥೆಯ ಕೃಷ್ಣಮೃಗವೂ ಒಮ್ಮೆ ಎಡವಲಿ

ಮಕ್ಕಳಿಗಾಗಿ ಪ್ರಾಣಿಗಳ ಕಲ್ಪನಾಕಥೆ ಬರೆಯುತ್ತಿರುವ ಬಳಗದ ಗೆಳೆಯರಲ್ಲಿ ಒಂದು ವಿನಂತಿ: ನಾಯಕನಿಗೆ ವೇಗ, ಬುದ್ಧಿ, ಧೈರ್ಯ, ಕರುಣೆಗಳನ್ನೆಲ್ಲ ಒಟ್ಟಿಗೆ ಕೊಡಬೇಡಿ, ಎಂದೂ ಸೋಲದವನಿಗಾಗಿ ಯಾವ ಮಗುವೂ ಆತಂಕಪಡುವುದಿಲ್ಲ. ಕೊರತೆಯನ್ನು ಆ ಪ್ರಾಣಿಯ ಸ್ವಭಾವದಲ್ಲಿಯೇ ಹುಡುಕಿ. ನಮ್ಮ ಬೀದರ್ ಜಿಲ್ಲೆಯಲ್ಲಿ ಕಾಣುವ ಕೃಷ್ಣಮೃಗವು ಅಪಾಯವನ್ನು ಅರಿಯಲು ಮುಖ್ಯವಾಗಿ ಕಣ್ಣನ್ನೇ ನಂಬುತ್ತದೆ, ಬಯಲಿನಲ್ಲಿ ಓಡಿ ಪಾರಾಗುತ್ತದೆ. ಅಂಥ ಮರಿಯೊಂದು ಗೆಳೆಯನನ್ನು ಹುಡುಕುತ್ತ ನೆಲದಡಿಯಲ್ಲಿ ನೀರು ಹರಿಸಲು ಹಿಂದೆ ತೋಡಿದ ಬೀದರಿನ ಕರೇಜ್ ಸುರಂಗದ ಕತ್ತಲೆಗೆ ಇಳಿದರೆ ಕಣ್ಣು, ಕಾಲು ಎರಡೂ ಕೈಕೊಡುತ್ತವೆ. ತಾನು ಹಿಂದೊಮ್ಮೆ ಹಂಗಿಸಿದ್ದ ಬಾವಲಿಯ ನೆರವನ್ನೇ ಅದು ಬೇಡಬೇಕಾಗುತ್ತದೆ. ಆ ಮಾತು ನಿಜವಾಗಿಯೂ ನೋಯಿಸಿರಲಿ, ಬಾವಲಿ ಒಡನೆಯೇ ಕ್ಷಮಿಸದಿರಲಿ. (ಕುಂಟುಕಾಲಿನಂಥ ದೈಹಿಕ ಊನವನ್ನು ದೋಷವೆಂದು ಬಳಸುವುದು ನನಗೆ ಸರಿಕಾಣದು.) ಬರೆದಾದ ಮೇಲೆ ಮಕ್ಕಳೆದುರು ಗಟ್ಟಿಯಾಗಿ ಓದಿ, ‘ಮುಂದೇನಾಯಿತು?’ ಎಂದು ಅವರು ಕೇಳದೆ ಸುಮ್ಮನಾದ ಜಾಗವನ್ನು ಗುರುತು ಹಾಕಿಕೊಂಡು, ಅಲ್ಲಿಂದಲೇ ತಿದ್ದಲಾರಂಭಿಸಿ.