ಮಳೆಯಲ್ಲಿ ಸಫಾರಿ: ಕ್ಯಾಮೆರಾ ಒಳಗಿಡಬೇಡಿ, ಹೀಗೆ ಫೋಟೊ ತೆಗೆಯಿರಿ

ಕಬಿನಿ ಹಿನ್ನೀರಿನ ಹತ್ತಿರ, ಒಂದು ಜುಲೈ ಸಂಜೆ. ರಸ್ತೆಯಿಂದ ಇಪ್ಪತ್ತು ಮೀಟರ್ ದೂರದಲ್ಲಿ ಒಂದು ಹೆಣ್ಣಾನೆ ಮತ್ತು ಮರಿ. ಮಳೆ ಜೋರಾಯಿತು. ಮರಿ ತಾಯಿಯ ಹೊಟ್ಟೆಯಡಿ ನುಸುಳಿ ನಿಂತಿತು. ಅಷ್ಟು ಹೊತ್ತಿಗೆ ನಮ್ಮ ಜೀಪಿನಲ್ಲಿದ್ದ ಹೆಚ್ಚಿನವರು ಕ್ಯಾಮೆರಾ ಬ್ಯಾಗಿಗೆ ಹಾಕಿ ಜಿಪ್ ಎಳೆದಾಗಿತ್ತು. ಒಬ್ಬರು ಮಾತ್ರ ತೆಗೆಯುತ್ತಲೇ ಇದ್ದರು. ವಾಪಸ್ ಬಂದ ಮೇಲೆ ಅವರ ಫೋಟೊ ನೋಡಿದೆವು. ಆನೆ ಚೆನ್ನಾಗಿ ಬಂದಿತ್ತು, ಆದರೆ ಮಳೆಯೇ ಇರಲಿಲ್ಲ. ಶಟರ್ ಸ್ಪೀಡ್, ಅಂದರೆ ಶಟರ್ ತೆರೆದಿರುವ ಹೊತ್ತು, ಸೆಕೆಂಡಿನ 1/2000 ಭಾಗ ಇಟ್ಟಿದ್ದರು. ಹನಿಗಳೆಲ್ಲ ಆನೆಯ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಚುಕ್ಕೆಗಳಾಗಿ ನಿಂತಿದ್ದವು.

ಪ್ರತಿ ಮಳೆಗಾಲವೂ ಈ ಎರಡು ತಪ್ಪುಗಳನ್ನು ನೋಡುತ್ತೇನೆ. ಮಳೆ ಬಂದಾಗ ಕ್ಯಾಮೆರಾ ಒಳಗಿಡುವುದು ಒಂದು. ಹೊರಗಿಟ್ಟರೂ ಮಳೆಯನ್ನು ಚಿತ್ರದಿಂದ ಅಳಿಸಿಬಿಡುವುದು ಇನ್ನೊಂದು.

ಹೊರಡುವ ಮೊದಲು

ಮಧ್ಯ ಭಾರತದ ಹುಲಿ ಕಾಡುಗಳ ಮುಖ್ಯ ಭಾಗಗಳು ಜುಲೈನಿಂದ ಸೆಪ್ಟೆಂಬರ್ ಕೊನೆಯವರೆಗೆ ಮುಚ್ಚಿರುತ್ತವೆ. ನಮ್ಮ ಬಂಡೀಪುರ, ನಾಗರಹೊಳೆಯಲ್ಲಿ ಸಾಮಾನ್ಯವಾಗಿ ಮಳೆಗಾಲದಲ್ಲೂ ಸಫಾರಿ ಇರುತ್ತದೆ. ಆದರೂ ಮೊದಲೇ ವಿಚಾರಿಸಿಕೊಳ್ಳಿ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳ ಕಾರಣ ಎರಡೂ ಕಡೆ ಸಫಾರಿ ನಿಲ್ಲಿಸಿದ್ದರು.

ಬೇಸಿಗೆಯ ಲೆಕ್ಕ ಇಟ್ಟುಕೊಂಡು ಹೋಗಬೇಡಿ. ಏಪ್ರಿಲ್‌ನಲ್ಲಿ ಕಬಿನಿ ನೀರು ಇಳಿದು ಹುಲ್ಲುಗಾವಲು ತೆರೆದಾಗ ಕಾಣುವ ಆನೆ ಹಿಂಡುಗಳು ಜುಲೈನಲ್ಲಿ ಅಲ್ಲಿರುವುದಿಲ್ಲ. ವಯನಾಡಿನ ಮಳೆಗೆ ಜಲಾಶಯ ತುಂಬಿರುತ್ತದೆ, ಕಾಡಿನ ಒಳಗೂ ನೀರು, ಮೇವು ಧಾರಾಳ. ಆನೆಗಳು ಚದುರಿ ಹೋಗುತ್ತವೆ. ಹಿಂಡಿನ ಫೋಟೊ ಬೇಕಾದರೆ ಬೇಸಿಗೆಯಲ್ಲಿ ಬನ್ನಿ. ಮಳೆಗಾಲಕ್ಕೆ ಬಂದವರು ನೆನೆದು ನಿಂತ ಕಡವೆ, ಮೈ ಮಿರುಗುವ ಕಾಟಿ, ಕೊಂಬೆಯ ಮೇಲೆ ಮುದುಡಿ ಕೂತ ಮುಸುವಗಳ ಸಂಸಾರವನ್ನು ಮನಸ್ಸಿಟ್ಟು ನೋಡಿ. ಹುಲಿಯೊಂದನ್ನೇ ಕಾಯುತ್ತಾ ಇವನ್ನೆಲ್ಲ ದಾಟಿ ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕ್ಯಾಮೆರಾಗೆ ಕೊಡೆ

ದುಬಾರಿ ಹೊದಿಕೆ ಬೇಡ. ದಪ್ಪ ಪ್ಲಾಸ್ಟಿಕ್‌ನ, ಕಿಟಕಿ ಇರುವ ರೇನ್ ಕವರ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಒಳಗೆ ಬೆವರಿ ಕಿಟಕಿ ಮಂಜಾಗುತ್ತದೆ. ಗಾಳಿಗೆ ಪಟಪಟ ಸದ್ದು ಬೇರೆ, ಜಿಂಕೆ ತಲೆ ಎತ್ತಿ ಓಡುತ್ತದೆ. ತೆಳುವಾದ ಪ್ಲಾಸ್ಟಿಕ್ ಚೀಲದ ತುದಿ ಕತ್ತರಿಸಿ, ಲೆನ್ಸ್ ಹುಡ್‌ಗೆ (ಲೆನ್ಸಿನ ತುದಿಗೆ ಹಾಕುವ ಕೊಳವೆಯಂಥ ಮರೆ) ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು. ಅದರ ಮೇಲೊಂದು ಹಳೆಯ ಕಾಟನ್ ಪಂಚೆಯ ತುಂಡು. ಹುಡ್ ಮಾತ್ರ ಇರಲೇಬೇಕು. ಮಳೆಯಲ್ಲಿ ಲೆನ್ಸಿನ ಗಾಜನ್ನು ನಿಜವಾಗಿ ಕಾಯುವುದು ಅದೇ. ಫೋಟೊ ತೆಗೆಯದಿದ್ದಾಗ ಲೆನ್ಸ್ ಮೂತಿ ಕೆಳಗಿರಲಿ.

ಗಾಜಿಗೆ ಹನಿ ಬಿತ್ತು ಅಂತ ಶರ್ಟಿನ ಅಂಚಿನಿಂದ ಒರೆಸಬೇಡಿ, ಜಿಡ್ಡು ಹರಡುತ್ತದೆ. ಮೊದಲು ಬ್ಲೋವರ್‌ನಿಂದ ಊದಿ. ಉಳಿದದ್ದನ್ನು ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಹೀರಿಸಿ, ಉಜ್ಜಬೇಡಿ. ಒಣ ಬಟ್ಟೆಗಳನ್ನು ಜಿಪ್ ಕವರಿನಲ್ಲಿಟ್ಟು ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಜೀಪಿನಲ್ಲಿ ಲೆನ್ಸ್ ಬದಲಾಯಿಸಲೇಬೇಡಿ.

ಲೆನ್ಸ್ ಆನಿಸಿಡುವ ಚೀಲಕ್ಕೆ, ಅಂದರೆ ಬೀನ್ ಬ್ಯಾಗಿಗೆ, ಅಕ್ಕಿ, ರಾಗಿ ತುಂಬುವ ಅಭ್ಯಾಸ ಇದ್ದರೆ ಈ ಕಾಲದಲ್ಲಿ ಬಿಡಿ. ನೆನೆದರೆ ಊದಿಕೊಂಡು ಮುಗ್ಗಲು ಹಿಡಿಯುತ್ತದೆ. ಪ್ಲಾಸ್ಟಿಕ್ ಮಣಿ ಒಳ್ಳೆಯದು.

ಮಳೆ ಕಾಣಿಸುವಂತೆ ಮಾಡುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಮೊದಲು ಹಿನ್ನೆಲೆ ನೋಡಿ, ಪ್ರಾಣಿ ಆಮೇಲೆ. ಬಿಳಿ ಆಕಾಶದ ಮುಂದೆ, ತಿಳಿ ಹಸಿರು ಹುಲ್ಲಿನ ಮುಂದೆ ಎಷ್ಟೇ ಜೋರು ಮಳೆ ಸುರಿದರೂ ಫೋಟೊದಲ್ಲಿ ಕಾಣುವುದಿಲ್ಲ. ಹಿಂದೆ ಕತ್ತಲೆ ಬೇಕು. ಬಿದಿರು ಮೆಳೆಯ ನೆರಳು, ದಪ್ಪ ಮರದ ಕಾಂಡ, ಲಂಟಾನದ ಗಾಢ ಹಸಿರು, ಯಾವುದಾದರೂ ಆದೀತು. ಆನೆಯ ಮೈಯೇ ಒಳ್ಳೆಯ ಹಿನ್ನೆಲೆ, ಏಕೆಂದರೆ ನೆನೆದ ಆನೆ ಕಪ್ಪಾಗುತ್ತದೆ. ಹೊಟ್ಟೆಯಡಿ ಮಾತ್ರ ಬೂದು ಉಳಿಯುತ್ತದೆ. ಆ ಎರಡು ಬಣ್ಣದ ಗಡಿ ಚಿತ್ರಕ್ಕೆ ಎಷ್ಟು ಚಂದ ಗೊತ್ತಾ! ಡ್ರೈವರ್‌ಗೆ ಮೆಲ್ಲಗೆ ಹೇಳಿ: "ಅಣ್ಣಾ, ಸ್ವಲ್ಪ ಹಿಂದೆ ತಗೊಳ್ತೀರಾ? ಹಿಂದೆ ಆ ಮರ ಬರಬೇಕು." ಎರಡು ಮೀಟರ್ ಜರುಗಿದರೆ ಚಿತ್ರವೇ ಬದಲಾಗುತ್ತದೆ. ಹತ್ತಿರ ಹೋಗಿ ಅಂತ ಮಾತ್ರ ಒತ್ತಾಯಿಸಬೇಡಿ, ಮರಿ ಜೊತೆಗಿದ್ದರಂತೂ ಬೇಡವೇ ಬೇಡ.

ಎರಡನೆಯದು ಶಟರ್ ಸ್ಪೀಡ್. ದಪ್ಪ ಹನಿ ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿ ಬೀಳುತ್ತದೆ. 1/2000ರಲ್ಲಿ ಅದು ಅರ್ಧ ಸೆಂಟಿಮೀಟರ್ ಕೂಡ ಇಳಿದಿರುವುದಿಲ್ಲ, ಹಾಗಾಗಿ ಚುಕ್ಕೆ. 1/125ರಲ್ಲಿ ಆರು ಸೆಂಟಿಮೀಟರ್‌ನಷ್ಟು ಇಳಿದಿರುತ್ತದೆ, ಅದು ಗೆರೆಯಾಗುತ್ತದೆ. ನಾನು 1/125ರಿಂದ ಶುರು ಮಾಡುತ್ತೇನೆ. ಪ್ರಾಣಿ ಕದಲದೆ ನಿಂತಿದ್ದರೆ 1/60ಕ್ಕೂ ಇಳಿಯುತ್ತೇನೆ. ನಡೆಯುತ್ತಿದ್ದರೆ 1/250. ಅದಕ್ಕಿಂತ ಜಾಸ್ತಿ ಮಾಡಿದರೆ ಗೆರೆ ತುಂಡಾಗುತ್ತದೆ. ಮೈ ಕೊಡವುವ ಕ್ಷಣಕ್ಕೆ ಮಾತ್ರ ಬೇರೆ ಲೆಕ್ಕ. ಕಡವೆ ತಲೆ ಕೊಡವಿ ನೀರು ಸುತ್ತ ಚಿಮ್ಮುವಾಗ 1/1000 ಬೇಕು. ಆ ಹನಿಗಳು ನಿಂತರೇ ಚಂದ.

1/125ರಲ್ಲಿ ಉದ್ದ ಲೆನ್ಸ್ ಅಲುಗಾಡದಂತೆ ಹಿಡಿಯಬಹುದಾ? ಹಿಡಿಯಬಹುದು. ಎಂಜಿನ್ ಆಫ್ ಮಾಡಿಸಿ. ಜೀಪಿನ ಕಂಬಿಯ ಮೇಲೆ ಬೀನ್ ಬ್ಯಾಗ್ ಇಟ್ಟು ಲೆನ್ಸನ್ನು ಅದರೊಳಗೆ ಒತ್ತಿ. ಅಲುಗಾಟ ತಗ್ಗಿಸುವ ಸ್ಟೆಬಿಲೈಸೇಷನ್ ಆನ್ ಇರಲಿ. ಪಕ್ಕದವರಿಗೆ ಒಂದು ನಿಮಿಷ ಅಲುಗಾಡಬೇಡಿ ಅಂತ ಪ್ರೀತಿಯಿಂದ ಕೇಳಿ. ಉಸಿರು ಬಿಡುತ್ತಾ ಒಮ್ಮೆಗೆ ಎಂಟು ಹತ್ತು ಫ್ರೇಮ್ ತೆಗೆಯಿರಿ. ಅದರಲ್ಲಿ ಒಂದೆರಡು ಚೂಪಾಗಿ ಬರುತ್ತವೆ.

ಮೂರನೆಯದು ಫೋಕಸ್. ಮಳೆಯಲ್ಲಿ ಆಟೋಫೋಕಸ್ ಹನಿಗಳನ್ನೂ ಮುಂದಿನ ಹುಲ್ಲನ್ನೂ ಹಿಡಿಯಲು ಹೋಗಿ ಹಿಂದೆ ಮುಂದೆ ಓಡಾಡುತ್ತದೆ. ಒಂದೇ ಫೋಕಸ್ ಪಾಯಿಂಟ್ ಆರಿಸಿ ಪ್ರಾಣಿಯ ಕಣ್ಣಿನ ಮೇಲಿಡಿ. ಉದ್ದ ಲೆನ್ಸುಗಳ ಪಕ್ಕದಲ್ಲಿ ಫೋಕಸ್ ದೂರವನ್ನು ಮಿತಿಗೊಳಿಸುವ ಒಂದು ಗುಂಡಿ ಇರುತ್ತದೆ. ಬಹಳ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ. ಅದನ್ನು ದೂರದ ಭಾಗಕ್ಕೆ ತಿರುಗಿಸಿ, ಹತ್ತಿರದ ಹನಿಗಳ ಕಡೆ ಲೆನ್ಸ್ ಹೋಗುವುದೇ ಇಲ್ಲ. ಆದರೂ ಹಟ ಮಾಡಿದರೆ, ಪ್ರಾಣಿ ನಿಂತೇ ಇದ್ದರೆ, ಕೈಯಿಂದ ಫೋಕಸ್ ಮಾಡಿ.

ನಾಲ್ಕನೆಯದು ಬೆಳಕು. ಕಪ್ಪು ಕಾಟಿ, ಕಪ್ಪು ನೆರಳು ಸೇರಿದಾಗ ಕ್ಯಾಮೆರಾ ತಪ್ಪು ತಿಳಿದು ಚಿತ್ರವನ್ನು ಬೆಳ್ಳಗೆ ಮಾಡುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿ. ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಎಂದು ಹೇಳುವ ಐಎಸ್‌ಒ 3200, 6400 ಆದರೂ ಅಂಜಬೇಡಿ. ಕತ್ತಲೆ ಇದೆ ಅಂತ ಫ್ಲ್ಯಾಷ್ ಹಾಕುವುದು ಮಾತ್ರ ದೊಡ್ಡ ತಪ್ಪು. ಪ್ರಾಣಿಗೂ ಹಿಂಸೆ, ಹತ್ತಿರದ ಹನಿಗಳೆಲ್ಲ ಬಿಳಿ ಗುಂಡುಗಳಾಗುತ್ತವೆ.

ಜೋರು ಮಳೆಯಲ್ಲಿ ದೂರದ ಪ್ರಾಣಿಗೆ ಲೆನ್ಸ್ ತಿರುಗಿಸಬೇಡಿ. ನಡುವೆ ನೀರಿನ ಪರದೆ ಇರುತ್ತದೆ, ಎಲ್ಲ ಮಬ್ಬು. ಮೂವತ್ತು ಮೀಟರ್ ಒಳಗಿನದ್ದು ಸಾಕು. ಮಳೆ ಬರುತ್ತಿರುವಾಗಲೇ ಹಿಂದಿನಿಂದ ಬಿಸಿಲು ಬಿದ್ದರೆ ಬೇರೆಲ್ಲ ಬಿಟ್ಟು ಆ ಕಡೆ ತಿರುಗಿ. ಒಂದೊಂದು ಹನಿಯೂ ಬೆಳ್ಳಿ ತಂತಿಯಾಗುತ್ತದೆ.

ರೂಮಿಗೆ ಬಂದ ಮೇಲೆ

ಒದ್ದೆ ಕ್ಯಾಮೆರಾವನ್ನು ಬ್ಯಾಗಿನಲ್ಲೇ ಬಿಟ್ಟು ಊಟಕ್ಕೆ ಹೋಗಬೇಡಿ. ನನ್ನ ಒಂದು ಲೆನ್ಸಿಗೆ ಹೀಗೇ ಒಳಗೆ ಬೂಷ್ಟು ಹಿಡಿಯಿತು, ಗಾಜಿನ ಮೇಲೆ ಜೇಡರ ಬಲೆಯ ಹಾಗೆ. ಮೊದಲು ಹೊರಗೆಲ್ಲ ಒರೆಸಿ. ಬ್ಯಾಟರಿ, ಕಾರ್ಡ್ ತೆಗೆದು, ಅವುಗಳ ಬಾಗಿಲು ತೆರೆದು, ಫ್ಯಾನ್ ಕೆಳಗೆ ರಾತ್ರಿಯಿಡೀ ಇಡಿ. ಹೇರ್ ಡ್ರೈಯರ್ ಬೇಡ. ಅಕ್ಕಿ ಡಬ್ಬಿಯೊಳಗೆ ಹೂಳುವುದೂ ಬೇಡ, ಅಕ್ಕಿಯ ಹುಡಿ ಸಂದುಗಳಿಗೆ ಸೇರುತ್ತದೆ. ಎಸಿ ರೂಮಿನಲ್ಲಿ ಇಟ್ಟಿದ್ದರೆ ಬೆಳಗಿನ ಸಫಾರಿಗೆ ಅರ್ಧ ಗಂಟೆ ಮೊದಲು ಬ್ಯಾಗ್ ಸಮೇತ ಹೊರಗಿಡಿ, ಇಲ್ಲದಿದ್ದರೆ ಗಾಜು ಮಂಜಾಗುತ್ತದೆ.

ಮನೆಯಲ್ಲಿ ಗಾಳಿಯಾಡದ ಡಬ್ಬಿ, ಅದರಲ್ಲಿ ಒಂದು ಹಿಡಿ ಸಿಲಿಕಾ ಜೆಲ್. ಶೂ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣ ನಂಬಬೇಡಿ, ನಿಮ್ಮ ಕೈಗೆ ಬರುವ ಹೊತ್ತಿಗೇ ಅದು ತೇವ ಹೀರಿ ಮುಗಿದಿರುತ್ತದೆ. ನೀಲಿ ಹರಳು ಗುಲಾಬಿಯಾದರೆ ಸಣ್ಣ ಉರಿಯಲ್ಲಿ ಹುರಿಯಿರಿ, ಮತ್ತೆ ನೀಲಿಯಾಗುತ್ತದೆ. ಅಡುಗೆ ಬಾಣಲೆಯಲ್ಲಿ ಬೇಡ. ಆ ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ, ವಿಷ. ಅದಕ್ಕೆಂದೇ ಒಂದು ಹಳೆಯ ಪಾತ್ರೆ ಇಡಿ.

ಕಂಪ್ಯೂಟರಿನಲ್ಲಿ

ಇಷ್ಟೆಲ್ಲ ಕಷ್ಟಪಟ್ಟು ತಂದ ಮಳೆಯನ್ನು ಕೊನೆಯಲ್ಲಿ ಅಳಿಸಿಬಿಡುವವರಿದ್ದಾರೆ. ಮಬ್ಬು ತೆಗೆಯುವ ಡಿಹೇಜ್ ಪಟ್ಟಿಯನ್ನು ಎಳೆದರೆ ಮಳೆಯ ತಂಪು ಹೋಗಿ ಬರೀ ಒರಟು ಕಪ್ಪು ಉಳಿಯುತ್ತದೆ. ನಾಯ್ಸ್, ಅಂದರೆ ಕತ್ತಲೆಯ ಚಿತ್ರದಲ್ಲಿ ಕಾಣುವ ಮರಳಿನಂಥ ಕಾಳು, ತೆಗೆಯುವ ತಂತ್ರಾಂಶಗಳು ಸಣ್ಣ ಗೆರೆಗಳನ್ನೂ ನಾಯ್ಸ್ ಅಂತಲೇ ತಿಳಿಯುತ್ತವೆ. ಅದನ್ನು ಪೂರ್ತಿ ಹಾಕದೆ ಕಾಲು ಭಾಗ ಹಾಕಿ. ಆಮೇಲೆ ಪ್ರಾಣಿಯ ಬೆನ್ನ ಹಿಂದಿನ ಕಪ್ಪು ಜಾಗವನ್ನು ದೊಡ್ಡದು ಮಾಡಿ ನೋಡಿ. ಗೆರೆಗಳು ಅಲ್ಲಿ ಇನ್ನೂ ಇದ್ದರೆ ಸೇವ್ ಮಾಡಿ.