ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ನೆಲದಡಿ ಏನಿದೆ ನೋಡಿಕೊಳ್ಳಿ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾಗೆ ಹೊಸದಾಗಿ ಬಂದವರು ಮನೆ ಹುಡುಕುವಾಗ ಶಾಲೆ, ಆಫೀಸಿನ ದೂರ, ಬಾಡಿಗೆ ಎಲ್ಲವನ್ನೂ ಅಳೆದು ತೂಗಿ ನೋಡುತ್ತಾರೆ. ಮನೆ ನಿಂತಿರುವ ಮಣ್ಣು ಹೇಗಿದೆ ಎಂದು ವಿಚಾರಿಸುವವರು ಅಪರೂಪ. ಇಲ್ಲಿ ಅದನ್ನು ವಿಚಾರಿಸಲೇಬೇಕು. ಹಿಂದೆ ಚಿಪ್ ಕಾರ್ಖಾನೆಗಳು ಬಿಡಿಭಾಗ ತೊಳೆಯಲು ಬಳಸಿದ ಟಿಸಿಇ (ಟ್ರೈಕ್ಲೋರೋಎಥಿಲೀನ್) ಥರದ ದ್ರಾವಕಗಳು ಸೋರಿ ಅಂತರ್ಜಲಕ್ಕೆ ಸೇರಿವೆ. ಸಾಂತಾ ಕ್ಲಾರಾ ಕೌಂಟಿ ಒಂದರಲ್ಲೇ 20ಕ್ಕೂ ಹೆಚ್ಚು ಸೂಪರ್‌ಫಂಡ್ ತಾಣಗಳಿವೆ. ಸೂಪರ್‌ಫಂಡ್ ಎಂದರೆ 1980ರ ಕಾಯ್ದೆಯಡಿ ಕೇಂದ್ರ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ಸ್ವಚ್ಛಗೊಳಿಸುವ, ಇಲ್ಲವೇ ಹೊಣೆಗಾರರಿಂದ ಸ್ವಚ್ಛ ಮಾಡಿಸುವ ಜಾಗಗಳು.

ಕ್ಯಾಲಿಫೋರ್ನಿಯಾದಲ್ಲಿ ಜಿಯೋಟ್ರ್ಯಾಕರ್ ಎಂಬ ಉಚಿತ ಸರ್ಕಾರಿ ನಕಾಶೆಯಿಂದ ಶುರುಮಾಡಿ. ವಿಳಾಸ ಟೈಪ್ ಮಾಡಿದರೆ ಸುತ್ತಲೂ ಮಾಲಿನ್ಯ ಇರುವ ಅಥವಾ ಹಿಂದೆ ಇದ್ದ ಜಾಗಗಳ ಗುರುತುಗಳು ಕಾಣುತ್ತವೆ. ತುಂಬಾ ಇವೆ ಎಂದು ಗಾಬರಿಯಾಗಬೇಡಿ; ಅವುಗಳಲ್ಲಿ ಬಹಳಷ್ಟು ಪೆಟ್ರೋಲ್ ಬಂಕಿನ ಹಳೆಯ ನೆಲದಡಿ ಟ್ಯಾಂಕುಗಳು, ಎಷ್ಟೋ ಕಡೆ ಕೆಲಸ ಮುಗಿದು ‘ಕೇಸ್ ಕ್ಲೋಸ್ಡ್’ ಆಗಿದೆ. ‘ಓಪನ್’ ಎಂದಿರುವುದನ್ನು ಒತ್ತಿ ಓದಿ. ಆಮೇಲೆ ಎನ್ವಿರೋಸ್ಟೋರ್ (EnviroStor) ಎಂಬ ಇನ್ನೊಂದು ನಕಾಶೆಯನ್ನೂ ನೋಡಿ, ಏಕೆಂದರೆ ಎರಡನ್ನು ಬೇರೆ ಬೇರೆ ಇಲಾಖೆಗಳು ನಡೆಸುತ್ತವೆ. ಬೇರೆ ರಾಜ್ಯದಲ್ಲಿದ್ದರೆ ಇಪಿಎಯ ‘ಕ್ಲೀನಪ್ಸ್ ಇನ್ ಮೈ ಕಮ್ಯುನಿಟಿ’ ಎಂಬ ನಕಾಶೆ ಇದೆ. ನಮ್ಮವರು ಹೆಚ್ಚಾಗಿರುವ ನ್ಯೂಜೆರ್ಸಿಯಲ್ಲಂತೂ ದೇಶದಲ್ಲೇ ಅತಿ ಹೆಚ್ಚು ಸೂಪರ್‌ಫಂಡ್ ತಾಣಗಳಿವೆ.

ಹೊಸಬರು ಎಡವುವುದು ಇಲ್ಲಿ: ಗುರುತು ಇರುವುದು ಹಳೆಯ ಕಾರ್ಖಾನೆಯ ವಿಳಾಸದಲ್ಲಿ, ಆದರೆ ಮಲಿನ ನೀರು ಅಲ್ಲೇ ನಿಂತಿರುವುದಿಲ್ಲ. ಮೌಂಟನ್ ವ್ಯೂನ ಮಿಡಲ್‌ಫೀಲ್ಡ್–ಎಲ್ಲಿಸ್–ವಿಸ್‌ಮನ್ ಪ್ರದೇಶದ ಮಾಲಿನ್ಯ 101 ಹೆದ್ದಾರಿಯ ಅಡಿಯಿಂದ ಮೊಫೆಟ್ ಫೀಲ್ಡ್ ವಿಮಾನ ನಿಲ್ದಾಣದವರೆಗೆ ಹರಡಿದೆ. ಆ ಭಾಗದಲ್ಲಿ ಅಂತರ್ಜಲ ಉತ್ತರಕ್ಕೆ, ಕೊಲ್ಲಿಯ ಕಡೆಗೆ ಹರಿಯುತ್ತದೆ. ಹಾಗಾಗಿ ಮನೆಯ ದಕ್ಷಿಣಕ್ಕಿರುವ ಗುರುತಿನ ಬಗ್ಗೆ ನಾನು ಹೆಚ್ಚು ಎಚ್ಚರ ವಹಿಸುತ್ತೇನೆ. ತಾಣದ ದಾಖಲೆಗಳಲ್ಲಿ ‘ಪ್ಲೂಮ್’, ಅಂದರೆ ಮಲಿನ ಅಂತರ್ಜಲ ಹರಡಿರುವ ಪ್ರದೇಶದ ನಕ್ಷೆ ಹುಡುಕಿ. ನಿಮ್ಮ ಬೀದಿ ಅದರೊಳಗಿದೆಯೇ ಎಂಬುದೇ ಮುಖ್ಯ, ಮೈಲಿ ಲೆಕ್ಕವಲ್ಲ.

ಪ್ಲೂಮಿನ ಮೇಲಿದ್ದ ಮಾತ್ರಕ್ಕೆ ನಲ್ಲಿಯ ನೀರು ಕೆಟ್ಟಿದೆ ಎಂದೇನಲ್ಲ. ನಗರದ ನೀರನ್ನು ಪರೀಕ್ಷಿಸಿಯೇ ಬಿಡುತ್ತಾರೆ, ಅದರ ವರದಿ ಪ್ರತಿ ವರ್ಷ ಬರುತ್ತದೆ. ಸ್ವಂತ ಬಾವಿಯಿದ್ದರೆ ಮಾತ್ರ ನೀವೇ ಪರೀಕ್ಷೆ ಮಾಡಿಸಬೇಕು. ಇಂಥ ಜಾಗದಲ್ಲಿ ನಿಜವಾದ ಚಿಂತೆ ಗಾಳಿಯದು. ಟಿಸಿಇ ಆವಿಯಾಗಿ ತಳಪಾಯದ ಬಿರುಕುಗಳಿಂದ ಮನೆಯೊಳಗೆ ಬರಬಹುದು. ಇದನ್ನು ‘ವೇಪರ್ ಇಂಟ್ರೂಷನ್’ ಎನ್ನುತ್ತಾರೆ. ಟಿಸಿಇ ಕ್ಯಾನ್ಸರ್‌ಕಾರಕ. ಗರ್ಭದಲ್ಲಿರುವ ಮಗುವಿನ ಹೃದಯಕ್ಕೂ ಅದರಿಂದ ಅಪಾಯವಿರಬಹುದು ಎಂಬ ಕಾರಣಕ್ಕೆ ಇಪಿಎ ಅಲ್ಪಾವಧಿಯ ಸಂಪರ್ಕವನ್ನೂ ಗಂಭೀರವಾಗಿ ಪರಿಗಣಿಸುತ್ತದೆ. ಮನೆಯಲ್ಲಿ ಗರ್ಭಿಣಿಯರಿದ್ದರೆ ದಯವಿಟ್ಟು ಇದನ್ನು ಮುಂದೂಡಬೇಡಿ.

ಪರಿಹಾರವೂ ಇದೆ. ನೆಲಹಾಸಿನಡಿ ಪೈಪ್ ಹಾಕಿ, ಫ್ಯಾನಿನಿಂದ ಆವಿಯನ್ನು ಛಾವಣಿಯ ಮೇಲಕ್ಕೆ ಎಳೆದು ಬಿಡುತ್ತಾರೆ. ಇಂಥ ವ್ಯವಸ್ಥೆ ಕೆಲಸ ಮಾಡುತ್ತಿರುವ ಮನೆಯಲ್ಲಿರಲು ನನಗೆ ಅಭ್ಯಂತರವಿಲ್ಲ. ಒಳಗಿನ ಗಾಳಿಯ ಪರೀಕ್ಷೆ ಯಾವಾಗ ಆಯಿತು, ವರದಿ ಎಲ್ಲಿದೆ ಎಂದು ಮನೆ ಮಾಲೀಕರನ್ನು ಇಮೇಲ್‌ನಲ್ಲೇ ಕೇಳಿ. ಉತ್ತರ ಬರದಿದ್ದರೆ ಸೂಪರ್‌ಫಂಡ್ ತಾಣದ ಪುಟದಲ್ಲಿ ಇಪಿಎ ಅಧಿಕಾರಿಯ ಹೆಸರು, ಫೋನ್ ನಂಬರ್ ಇರುತ್ತದೆ. ಬಾಡಿಗೆದಾರರೂ ಕರೆ ಮಾಡಬಹುದು, ವೀಸಾ ಯಾವುದು ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.